ಲೆಕ್ಕದ ಪುಸ್ತಕದಲ್ಲಿ ಅವ್ವ ಇರಲಿಲ್ಲ

ಮಕ್ಕಳೇ,

ಹೋದ ಭಾನುವಾರ ನೀವು ಗಂಡಹೆಂಡತಿ ಇಬ್ಬರೂ ಮಿಯಾಪುರದಿಂದ ಮೆಟ್ರೋ ಹತ್ತಿ ಕಾಚಿಗುಡದ ನಮ್ಮ ಮನೆಗೆ ಬಂದಿದ್ದಿರಲ್ಲ, ಊಟವಾದ ಮೇಲೆ ಫೋನು ತೆಗೆದು ತಿಂಗಳ ಕಂತುಗಳನ್ನೆಲ್ಲ ನನಗೆ ತೋರಿಸಿದಿರಿ. ಸೋಫಾಕ್ಕೊಂದು, ಟಿವಿಗೊಂದು, ಫೋನುಗಳಿಗೆ ಎರಡು, ಮದುವೆಯ ಫೋಟೊ ಆಲ್ಬಮ್ಮಿಗೂ ಒಂದು. ಇಬ್ಬರ ಸಂಬಳ ಸೇರಿದರೂ ಇಪ್ಪತ್ತನೇ ತಾರೀಖಿಗೆ ಖಾತೆ ಬರಿದಾಗುತ್ತದೆ ಎಂದಿರಿ. ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತ, "ಅಜ್ಜಾ, ಒಂದೇ ಸಂಬಳದಾಗ ನೀವು ಐದು ಮಂದಿ ಅಷ್ಟು ಖುಷಿಯಿಂದ ಹೆಂಗಿದ್ರಿ?" ಎಂದು ಕೇಳಿದಿರಿ. ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ವಾರವೆಲ್ಲ ಅದನ್ನೇ ಯೋಚಿಸಿದೆ. ಬಾಯಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಉತ್ತರ ನನ್ನ ಹುಟ್ಟೂರಿನಿಂದಲೇ ಶುರುವಾಗುತ್ತದೆ. ನಾನು ಹುಟ್ಟಿದ್ದು ನಾರಾಯಣಪೇಟೆಯಲ್ಲಿ, 1949ರಲ್ಲಿ. ಆಗ ಅದು ಹೈದರಾಬಾದ್ ರಾಜ್ಯದ ಊರು. 1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರಿಗೆ ಹೋದವು. ನಮ್ಮೂರು ಮಹಬೂಬ್‌ನಗರದ ಜೊತೆಗೆ ಆಂಧ್ರಪ್ರದೇಶದಲ್ಲಿ ಉಳಿಯಿತು. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಮೂರೂ ನಮ್ಮವೇ. ರೈಲು ಹಿಡಿಯಬೇಕಾದರೆ ಗಡಿಯಾಚೆಯ ಸೈದಾಪುರಕ್ಕೆ ಹೋಗಬೇಕಿತ್ತು. ಸ್ಟೇಷನ್ ಇದ್ದದ್ದು ಈಗಿನ ಕರ್ನಾಟಕದಲ್ಲಿ, ಆಗ ಅದರ ಹೆಸರು ನಾರಾಯಣಪೇಟ್ ರೋಡ್.

ಅಪ್ಪನದು ಮಗ್ಗದ ಕೆಲಸ. ಗುಡಿಗೋಪುರದ ಅಂಚಿನ, ಚೌಕುಳಿ ಮೈಯ ನಾರಾಯಣಪೇಟೆ ಸೀರೆಯನ್ನು ನೀವೂ ನೋಡಿದ್ದೀರಿ. ಆದರೆ ಅದನ್ನು ನೇಯುವ ಕ್ರಮವನ್ನು ನೋಡಿಲ್ಲ. ನಮ್ಮೂರಲ್ಲಿ ಒಂದೊಂದೇ ಸೀರೆಗೆ ಹಾಸು ಕಟ್ಟುವುದಿಲ್ಲ. ಎಂಟು ಸೀರೆಗಾಗುವಷ್ಟು ಹಾಸನ್ನು ಒಂದೇ ಸಲಕ್ಕೆ ಮಗ್ಗಕ್ಕೆ ಏರಿಸುತ್ತಾರೆ. ಒಂದು ಸೀರೆಗೆ 7 ಗಜವೆಂದರೆ ಎಂಟಕ್ಕೆ 56 ಗಜ. ಎಳೆ ಎಳೆಯನ್ನೂ ಎಣಿಸಿ, ಬಿಗಿ ನೋಡಿ ಜೋಡಿಸುವುದೇ ದೊಡ್ಡ ಕೆಲಸವಾದ್ದರಿಂದ ಅದನ್ನು ಎಂಟು ಸಲ ಮಾಡುವ ಬದಲು ಒಮ್ಮೆ ಮಾಡಿ ಮುಗಿಸುವ ಜಾಣತನ ಅದು. ಹಾಸು ಕಟ್ಟುವ ದಿನ ಮನೆಮಂದಿಯೆಲ್ಲ ಬೇಕು. ಅಜ್ಜಿ ಗಂಜಿ ಕಾಯಿಸಿದರೆ, ಅಕ್ಕ ತುಂಡಾದ ಎಳೆ ಹುಡುಕಿ ಗಂಟು ಹಾಕುವಳು. ನಾನು ಚಿಕ್ಕವನು, ನನಗೆ ಕೋಲು ಹಿಡಿದು ನಿಲ್ಲುವ ಕೆಲಸ. ಕಾಲು ನೋಯುತ್ತಿತ್ತು. ಆದರೂ ಆ ದಿನವನ್ನು ಹಬ್ಬದ ಹಾಗೆ ಕಾಯುತ್ತಿದ್ದೆ, ಯಾಕೆಂದರೆ ಅವತ್ತು ಯಾರೂ ನನ್ನನ್ನು "ಆಟಕ್ಕೆ ಹೋಗು" ಎಂದು ಓಡಿಸುತ್ತಿರಲಿಲ್ಲ. ಮನೆ ನಡೆಯಲು ನಾನೂ ಬೇಕು ಎಂಬುದು ಆರು ವರ್ಷದ ಹುಡುಗನಿಗೆ ಎಂಥ ಸುಖ ಅನ್ನುವುದನ್ನು ಹೇಗೆ ಹೇಳಲಿ!

ಅಡುಗೆಮನೆಯಲ್ಲೂ ಹಾಗೆಯೇ. ಹೋಳಿಗೆಯ ದಿನ ಬೇಳೆ ಬೇಯಿಸಿ ಬಸಿದರೆ ಬೇಳೆಯೆಲ್ಲ ಹೂರಣಕ್ಕೆ, ಬಸಿದ ಕಟ್ಟು ಸಾರಿಗೆ. ಆ ಕಟ್ಟಿನ ಸಾರು ಮರುದಿನಕ್ಕೆ ಇನ್ನೂ ರುಚಿ. ಅದನ್ನು ಉಣ್ಣುವಾಗ ಇದು ಉಳಿತಾಯ ಎಂದು ಯಾರಿಗಾದರೂ ಅನ್ನಿಸೀತೇ? ಬೇಳೆ ಬೇಯಿಸಿದ ನೀರನ್ನು ಚೆಲ್ಲಿ, ಅಂಗಡಿಯಿಂದ ಸಾರಿನ ಪೊಟ್ಟಣ ತಂದವರೇ ಬಡವರಾದರು. ಚಳಿಗಾಲದಲ್ಲಿ ಎರಡು ದಿನ ಕೂತು ಖಡಕ್ ಜೋಳದ ರೊಟ್ಟಿ ಬಡಿದು ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹೊದಿಸಿಟ್ಟರೆ ತಿಂಗಳು ನಿಶ್ಚಿಂತೆ. ಶೇಂಗಾ ಹಿಂಡಿ, ಪುಂಡಿ ಪಲ್ಯ, ಮೊಸರು ಇದ್ದರೆ ಯಾವ ಹೊತ್ತಿನಲ್ಲಿ ಯಾರು ಬಂದರೂ ಉಂಡು ಹೋಗಬಹುದು. ಅವ್ವ ಮನೆಯವರ ಲೆಕ್ಕಕ್ಕಿಂತ ಎರಡು ರೊಟ್ಟಿ ಹೆಚ್ಚಿಗೆ ಬಡಿಯದೆ ಹಂಚು ಇಳಿಸುತ್ತಿರಲಿಲ್ಲ. ತನ್ನ ಕೈ ಬಿಗಿ, ಬಂದವರಿಗೆ ಧಾರಾಳ. ಎರಡನ್ನೂ ಒಂದೇ ಕೈ ಮಾಡುತ್ತಿತ್ತು.

ಬೇಸಿಗೆ ಬಂತೆಂದರೆ ಕೌದಿ. ಹಳೆಯ ಸೀರೆ, ಧೋತರ, ಚೋಟು ಚೋಟು ಬಟ್ಟೆ ಎಲ್ಲವನ್ನೂ ಪದರ ಪದರವಾಗಿ ಹಾಸಿ ಅವ್ವ, ಅತ್ತಿ, ಓಣಿಯ ಹೆಂಗಸರು ನಾಲ್ಕು ಮೂಲೆಗೆ ಕೂತು ಹೊಲಿಯುತ್ತಿದ್ದರು. ನಮಗೆಲ್ಲ ಅಲ್ಲಿ ಒಂದು ಆಟವಿತ್ತು. "ಯಾರು ಮೊದಲು ಸೂಜಿಗೆ ದಾರ ಪೋಣಸ್ತೀರಿ ನೋಡೂಣು" ಎಂದು ಅವ್ವ ಕೂಗಿದರೆ ನಾನೂ ಅಕ್ಕನೂ ಓಡುತ್ತಿದ್ದೆವು. ಗೆದ್ದವರಿಗೆ ಬೆಲ್ಲದ ಹರಳು. ನಾನು ಬಹಳ ಸಲ ಗೆದ್ದಿದ್ದೇನೆ.

ಈಗ ಲೆಕ್ಕದ ಪುಸ್ತಕದ ಮಾತು. ಮಕ್ಕಳೇ, ನಾನು ಹೇಳಬೇಕಾದದ್ದೆಲ್ಲ ಇದರಲ್ಲಿಯೇ ಇದೆ.

ಅವ್ವ ಮೂರನೇ ಇಯತ್ತೆ ಓದಿದವಳು. ನಮ್ಮ ಹಳೆಯ ದುಡ್ಡು ನಿಜಾಮರ ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಏಳು ಹಾಲಿ ಅಂದರೆ ಆರು ಕಲ್ದಾರ್. 1957ರಲ್ಲಿ ಆಣೆ ಹೋಗಿ ನಯೇ ಪೈಸೆ ಬಂತು. ಈ ಎಲ್ಲ ಬದಲಾವಣೆಯನ್ನೂ ಅವ್ವ ತಲೆಯಲ್ಲೇ ತೂಗಿ, ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕದಲ್ಲಿ ರಾತ್ರಿ ಕಂದೀಲಿನ ಬೆಳಕಿಗೆ ಬರೆಯುವಳು. ಬರೆದು ಎಲ್ಲರಿಗೂ ಓದಿ ಹೇಳುವಳು. ಜೋಳ ಇಷ್ಟು, ಸೀಮೆಎಣ್ಣೆ ಇಷ್ಟು, ನೂಲಿನ ಸಾವುಕಾರನಿಗೆ ಕೊಟ್ಟದ್ದು, ಮಗನ ಪಾಟಿ, ಮಗಳ ಬಳೆ, ಜೋಗಮ್ಮನ ಜೋಳಿಗೆಗೆ ಹಾಕಿದ್ದು. ಅಪ್ಪ ಬೀಡಿ ಸೇದಿದ್ದೂ ಅದರಲ್ಲಿತ್ತು. ಓದಿದಾಗ ಅಪ್ಪ ತಲೆ ತಗ್ಗಿಸುವುದನ್ನು ನೋಡಲು ನಾವು ಕಾಯುತ್ತಿದ್ದೆವು. ತಿಂಗಳ ಕೊನೆಗೆ ನಾಲ್ಕಾಣೆ ಉಳಿದರೆ ಏನು ಮಾಡೋಣ ಎಂದು ನಮ್ಮನ್ನೂ ಕೇಳುವಳು.

ನಾನು 1971ರಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತನಾಗಿ ಹೈದರಾಬಾದಿಗೆ ಬಂದೆ. ಕೆಲವು ವರ್ಷಗಳ ಮೇಲೆ ಅವ್ವನ ಕಣ್ಣು ಮಂಜಾಗಿದೆ ಎಂದು ಕಾಗದ ಬಂತು. ಕರೆತಂದು ಇಲ್ಲಿ ತೋರಿಸಿದೆವು. ಗ್ಲಾಕೋಮಾ, ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ, ಎಡಗಣ್ಣು ಹೋಯಿತು, ವರ್ಷಗಳ ಹಿಂದೆಯೇ ತಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದರು ಡಾಕ್ಟರು. ಅವ್ವ ಸುಮ್ಮನೆ ಕೂತಿದ್ದಳು. "ಯಾವಾಗಿಂದ ಕಾಣ್ತಿಲ್ಲ?" ಎಂದು ಕೇಳಿದ್ದಕ್ಕೆ, "ನಿಮಗ ಸೂಜಿ ಕೊಡ್ತಿದ್ನೆಲ್ಲ, ಆಗಿಂದನ ಅಷ್ಟಷ್ಟ" ಅಂದಳು.

ಊರಿಗೆ ಹೋದಾಗ ಆ ಕೆಂಪು ಪುಸ್ತಕಗಳನ್ನು ಹುಡುಕಿ ತೆಗೆದೆ. ಹನ್ನೊಂದು ಪುಸ್ತಕ. ಪುಟ ಪುಟ ತಿರುವಿದೆ. ಅಪ್ಪನ ಬೀಡಿ, ಅಜ್ಜಿಯ ಕಷಾಯ, ನನ್ನ ಪರೀಕ್ಷೆ ಫೀಜು, ಅಕ್ಕನ ಬಾಣಂತನ, ಭಿಕ್ಷುಕರಿಗೆ ಕೊಟ್ಟ ಕಾಸು ಸಹ ಇತ್ತು. ಅವ್ವನ ಹೆಸರಲ್ಲಿ ಒಂದು ಖರ್ಚೂ ಇರಲಿಲ್ಲ. ಒಂದು ಚಪ್ಪಲಿಯಿಲ್ಲ, ಒಂದು ಗುಳಿಗೆಯಿಲ್ಲ. ಮನೆಯ ಲೆಕ್ಕವನ್ನೆಲ್ಲ ಬರೆದವಳು ಆ ಲೆಕ್ಕದಲ್ಲೇ ಇರಲಿಲ್ಲ. ಪ್ರತಿ ರಾತ್ರಿ ಅವಳು ಓದುವುದನ್ನು ನಾವು ಐದು ಮಂದಿ ಕೇಳುತ್ತಿದ್ದೆವು, ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಹಾಗಾಗಿ ಯಾರಾದರೂ ಹಳೆಯ ಕಾಲದ ಸರಳ ಬದುಕನ್ನು ಹೊಗಳಿದರೆ ನಾನು ಸಂತೋಷವಾಗಿ ತಲೆಯಾಡಿಸಲಾರೆ. ಆ ಬದುಕಿನಲ್ಲಿ ನಿಜವಾದ ಸುಖವಿತ್ತು, ನಾನು ಉಂಡಿದ್ದೇನೆ. ಆದರೆ ಎಲ್ಲರೂ ಕೈ ಹಾಕಿದ ಕಡೆ ಮಾತ್ರ ಅದು ಸುಖವಾಗಿತ್ತು. ಹಾಸು ಕಟ್ಟುವಾಗ, ಕೌದಿ ಹೊಲಿಯುವಾಗ, ನಾಲ್ಕಾಣೆಗೆ ಎಲ್ಲರೂ ಕೂತು ಚರ್ಚೆ ಮಾಡುವಾಗ. ಒಬ್ಬಳೇ ಹೊಟ್ಟೆ ಕಟ್ಟಿ, ಕಣ್ಣು ಕೊಟ್ಟು ಉಳಿಸಿದ ಕಡೆ ಅದು ಅವಳ ಮೇಲಿನ ಅನ್ಯಾಯ. ನಮಗೆ ಗೊತ್ತಿರಲಿಲ್ಲ ಎಂದರೆ ತಪ್ಪು ಕಡಿಮೆಯಾಗುವುದಿಲ್ಲ.

ನಿಮ್ಮ ಅಜ್ಜಿಯನ್ನು ಮದುವೆಯಾಗಿ ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ ಮೊದಲ ತಿಂಗಳೇ ಹೊಸ ಪುಸ್ತಕ ತಂದೆ. ಮೊದಲ ಸಾಲಿನಲ್ಲಿ ಅವಳ ಹೆಸರು, ಅದರ ಮುಂದೆ ಹತ್ತು ರೂಪಾಯಿ. ಯಾವುದಕ್ಕೆ ಖರ್ಚು ಮಾಡಿದಳು ಎಂದು ಕೇಳುವ ಹಾಗಿಲ್ಲ. ಆಮೇಲೆ ಬಾಡಿಗೆ, ಅಕ್ಕಿ, ಅಂಚೆಕಚೇರಿಯ ಆರ್‌ಡಿ. ಐದು ವರ್ಷಕ್ಕೆ 60 ಕಂತು. ಕಂತು ಎಂಬ ಮಾತು ನಮಗೂ ಗೊತ್ತಿತ್ತು ನೋಡಿ, ಆದರೆ ಅದು ಮುಂದೆ ಕೈಗೆ ಬರುವ ಹಣದ ಕಂತು. ನಿಮ್ಮ ಅಮ್ಮನ ಕಾಲೇಜು ನಡೆದದ್ದು ಅದರಿಂದ.

ಊರು ದೊಡ್ಡದಾದರೇನು, ಹೈದರಾಬಾದು ಕೈಬಿಗಿಯವರನ್ನು ಚೆನ್ನಾಗಿಯೇ ಸಾಕಿದೆ. ವರ್ಷದ ಕಾಳುಕಡ್ಡಿ, ಪಾತ್ರೆ ಬೇಗಂ ಬಜಾರಿನಲ್ಲಿ. ಭಾನುವಾರ ಆಬಿಡ್ಸ್‌ನಲ್ಲಿ ಅಂಗಡಿಗಳು ಮುಚ್ಚಿದ ಮೇಲೆ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕದ ರಾಶಿ. ಮನೆಯ ಕಪಾಟಿನ ಅರ್ಧ ಅಲ್ಲಿಂದ ಬಂದದ್ದು. ಇರಾನಿ ಹೋಟೆಲಿನಲ್ಲಿ ಒಂದು ಚಹಾ ತರಿಸಿ ಎರಡು ಕಪ್ಪಿಗೆ ಸುರಿದುಕೊಂಡರೆ ಒಂದು ತಾಸು ಮಾತು. 1999ರಲ್ಲಿ ರೈತುಬಜಾರ್ ಶುರುವಾದ ಮೇಲಂತೂ ತರಕಾರಿ ಬೆಳೆದವರ ಕೈಯಿಂದಲೇ. ಹತ್ತಿರದಲ್ಲೇ ಕರ್ನಾಟಕ ಸಾಹಿತ್ಯ ಮಂದಿರ. ನಾಟಕ, ಭಾಷಣ, ಹಾಡು, ಖರ್ಚಿಲ್ಲದ ಸಂಜೆಗಳು.

ಜನವರಿ ಬಂತೆಂದರೆ ನಾಂಪಲ್ಲಿಯ ನುಮಾಯಿಷ್. 1938ರಿಂದ ನಡೆದು ಬಂದ ವಸ್ತುಪ್ರದರ್ಶನ ಅದು. ವರ್ಷಕ್ಕೊಮ್ಮೆ ಎಲ್ಲರೂ ಹೋಗುವೆವು. ಪ್ರತಿಯೊಬ್ಬರಿಗೂ ಐದು ರೂಪಾಯಿ, ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಒಂದು ವರ್ಷ ನಿಮ್ಮ ಅಮ್ಮ ಇಡೀ ಮೈದಾನವನ್ನು ಮೂರು ಸುತ್ತು ಹಾಕಿದಳು. ಬಳೆ ಮುಟ್ಟಿದಳು, ಬಿಟ್ಟಳು. ಗಿರಗಿಟ್ಲೆ ತಿರುಗಿಸಿದಳು, ಇಟ್ಟಳು. ಕೊನೆಗೆ ಒಂದು ತಗಡಿನ ಕಂಪಾಸ್ ಪೆಟ್ಟಿಗೆ ಕೊಂಡು, ಉಳಿದ ಎಂಟಾಣೆಯಲ್ಲಿ ತಮ್ಮನಿಗೆ ಬೊಂಬಾಯಿ ಮಿಠಾಯಿ ಕೊಡಿಸಿದಳು. ಆ ಪೆಟ್ಟಿಗೆಯಲ್ಲಿ ಈಗಲೂ ಅವಳ ಗುಂಡಿ, ಪಿನ್ನುಗಳಿವೆ. ಆಸೆಪಟ್ಟು, ತಡೆದು, ತೂಗಿ, ಆರಿಸಿ ಕೊಂಡ ವಸ್ತು ಹೇಗೆ ನಮ್ಮ ಜೊತೆ ಉಳಿಯುತ್ತದೆ ನೋಡಿ. ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ಸಾಮಾನಿಗೆ ಆ ಮೂರು ಸುತ್ತು ಇಲ್ಲ ಎಂಬುದೇ ನನ್ನ ಸಂಕಟ.

ನೀವು ನಾರಾಯಣಪೇಟೆಗೆ ಹೋಗಿ ಇರಿ ಎಂದು ಹೇಳುವವನಲ್ಲ ನಾನು. ನಿಮ್ಮ ಕೆಲಸ ಇಲ್ಲಿದೆ, ಇಲ್ಲೇ ಚೆನ್ನಾಗಿರಿ. ಆದರೆ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಈ ತಿಂಗಳೇ ತೀರಿಸಿ. ಆರ್‌ಡಿ ಮುರಿದರೂ ಸರಿ, ಬಂಗಾರ ಇಟ್ಟರೂ ಸರಿ. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಎಂದು ಕಾರ್ಡಿನ ಬಿಲ್ಲು ಹೇಳುತ್ತದೆ. ಉಳಿದದ್ದಕ್ಕೆ ತಿಂಗಳಿಗೆ ಮೂರೂವರೆಯ ಲೆಕ್ಕದಲ್ಲಿ ಬಡ್ಡಿ ಬಿದ್ದರೆ ವರ್ಷಕ್ಕೆ ನೂರಕ್ಕೆ 42. ನೂಲಿನ ಸಾವುಕಾರನ ಉದ್ರಿಯಲ್ಲಿ ನಮ್ಮ ಅಪ್ಪ ಹೇಗೆ ಸಿಕ್ಕಿಬಿದ್ದು ಒದ್ದಾಡಿದ ಎಂಬುದನ್ನು ನಾನು ಕಣ್ಣಾರೆ ಕಂಡವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮತ್ತೆ, ಅಳಿಯಂದಿರೇ, ಇದು ನಿಮಗೆ. ಹೋಳಿಗೆಯ ಬೇಳೆ ಬಸಿಯುವುದನ್ನು ಕಲಿಯಿರಿ. ಮನೆಯಲ್ಲಿ ಖರ್ಚು ಕಡಿಮೆ ಮಾಡೋಣ ಎಂದು ಇಬ್ಬರೂ ಒಪ್ಪಿ, ರೊಟ್ಟಿ ಬಡಿಯುವುದು ಮಾತ್ರ ಅವಳ ಪಾಲಿಗೆ ಬಂದರೆ ಕೆಂಪು ಪುಸ್ತಕದ ಕಥೆ ಮತ್ತೆ ಶುರುವಾಗುತ್ತದೆ. ಅವಳೂ ಆಫೀಸಿನಿಂದ ದಣಿದು ಬರುವವಳು. ಲೆಕ್ಕವನ್ನು ಇಬ್ಬರೂ ಬರೆಯಿರಿ, ವಾರಕ್ಕೊಮ್ಮೆ ಗಟ್ಟಿಯಾಗಿ ಓದಿ. ಓದುವಾಗ ಯಾವ ಹೆಸರು ಬರಲಿಲ್ಲ ಎಂದು ಕಿವಿಗೊಟ್ಟು ಕೇಳಿ. ಬರುವ ಭಾನುವಾರ ನಿಮ್ಮ ಹಳೆಯ ದುಪ್ಪಟ್ಟಾ, ಮಾಸಿದ ಷರಟು ಎಲ್ಲ ಕಟ್ಟಿಕೊಂಡು ಬನ್ನಿ. ಅಜ್ಜಿಯ ಎರಡು ನಾರಾಯಣಪೇಟೆ ಸೀರೆ ಅಂಚು ಹರಿದು ಟ್ರಂಕಿನಲ್ಲಿವೆ, ಅವು ಮೇಲಿನ ಪದರಕ್ಕೆ. ನಾಲ್ಕು ಮೂಲೆಗೆ ನಾಲ್ವರು ಕೂರೋಣ. ಸೂಜಿಗಳಿಗೆಲ್ಲ ದಾರ ನಾನೇ ಪೋಣಿಸಿಡುತ್ತೇನೆ. ಹೊಸ ಕನ್ನಡಕ ಬಂದಿದೆ, ಅದರ ಖರ್ಚು ಹೋದ ತಿಂಗಳ ಪುಟದಲ್ಲಿ, ನನ್ನ ಹೆಸರಿನ ಮುಂದೆ ಬರೆದಿದ್ದೇನೆ.