'ಲಿಟರಾಟಿ' ಪದದ ಬೋಧನೆ: ಒಂದು ಅನುಭವ

ಇಂಗ್ಲಿಷ್ ಪದದ ಅರ್ಥವನ್ನಷ್ಟೇ ಹೇಳಿಬಿಟ್ಟರೆ ಅದು ಮಕ್ಕಳ ನೆನಪಿನಲ್ಲಿ ನಿಲ್ಲುವುದಿಲ್ಲ. ಮೂಲವನ್ನೂ ತಿಳಿಸಿದರೆ ಹಲವು ಪದಗಳು ಒಟ್ಟಿಗೆ ಕೈಗೆ ಬರುತ್ತವೆ. ಅಭ್ಯಾಸ ಬೋಧನೆಯಲ್ಲಿ ಒಂಬತ್ತನೆಯ ತರಗತಿಗೆ ಈ ಪದವನ್ನು ಕಲಿಸಿದ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಪೂರ್ವಜ್ಞಾನ: 'ಲೆಟರ್' ಎಂದರೇನು ಎಂದು ಕೇಳಿದೆ. ಪತ್ರ, ಅಕ್ಷರ ಎಂಬ ಎರಡೂ ಉತ್ತರಗಳು ಬಂದವು. 'ಲಿಟರೇಟ್', 'ಲಿಟರೇಚರ್' ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಎರಡರಲ್ಲೂ ಇರುವ ಸಮಾನ ಭಾಗವನ್ನು ಗುರುತಿಸಲು ಹೇಳಿದೆ.

ನಿರೂಪಣೆ: ಇವೆಲ್ಲಕ್ಕೂ ಮೂಲ ಲ್ಯಾಟಿನ್ನಿನ 'ಲಿಟ್ಟೆರಾ', ಅಂದರೆ ಅಕ್ಷರ. ಅದರಿಂದ ಬಂದದ್ದು 'ಲಿಟ್ಟೆರಾಟುಸ್', ಅಕ್ಷರ ಬಲ್ಲವನು. ಇದರ ಬಹುವಚನವೇ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ 'ಲಿಟರಾಟಿ'. ವಿದ್ವಾಂಸರ, ಸಾಹಿತ್ಯಜ್ಞರ ವರ್ಗಕ್ಕೆ ಈ ಹೆಸರು. ಪದವೇ ಬಹುವಚನವಾದ್ದರಿಂದ ಒಬ್ಬ ವಿದ್ವಾಂಸನನ್ನು ಕುರಿತು ಇದನ್ನು ಬಳಸಬಾರದು. ಪರೀಕ್ಷೆ ಬರೆದು ಅಧಿಕಾರಿಗಳಾಗುತ್ತಿದ್ದ ಚೀನಾದ ವಿದ್ವಾಂಸರನ್ನೂ ಐರೋಪ್ಯರು ಹೀಗೆಯೇ ಕರೆದರು. ಆ ಪರೀಕ್ಷಾ ಪದ್ಧತಿ 1905ರಲ್ಲಿ ರದ್ದಾಯಿತು.

ಹೋಲಿಕೆ: ನಮ್ಮ 'ಅಕ್ಷರಸ್ಥ' ಪದವೂ ಅಕ್ಷರದಿಂದಲೇ ಆದದ್ದು. ಆದರೆ ಅದು ಓದುಬರಹ ಬಲ್ಲವರಿಗಷ್ಟೇ ನಿಂತಿತು. ಕಲಿತವರಿಗೆ ನಾವು ಬಳಸುವ 'ವಿದ್ವಾಂಸ' ಪದದ ಧಾತು 'ವಿದ್', ಅಂದರೆ ತಿಳಿ. ಅಕ್ಷರ ಬೇರೆ, ತಿಳಿವು ಬೇರೆ.

ಇಷ್ಟಾದ ಮೇಲೆ ವಿರುದ್ಧಪದ 'ಇಲ್ಲಿಟರೇಟ್' ಎಂದು ಹೇಳಿ, ಹಳ್ಳಿಯ ಮುದುಕಿಯೊಬ್ಬಳ ಚಿತ್ರವಿದ್ದ ಮಿಂಚುಪಟ್ಟಿ ತೋರಿಸಿದೆ. ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ನಮ್ಮಜ್ಜಿಗೆ ಓದೋಕೆ ಬರಲ್ಲ. ಆದ್ರೆ ಬೀಸೋ ಪದ ಎಷ್ಟು ಬೇಕಾದ್ರೂ ಹೇಳ್ತಾರೆ. ಅವರಿಗೂ ಇದೇ ಪದಾನಾ?"

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಎರಡು ಸಂಗತಿ ಹೇಳಿದೆ. ಮಧ್ಯಯುಗದ ಯೂರೋಪಿನಲ್ಲಿ 'ಇಲ್ಲಿಟ್ಟೆರಾಟುಸ್' ಎಂದರೆ ಲ್ಯಾಟಿನ್ ಬಾರದವನು. ತನ್ನ ತಾಯ್ನುಡಿಯಲ್ಲಿ ಎಷ್ಟೇ ನಿಪುಣನಾಗಿದ್ದರೂ ಅವನಿಗೆ ಆ ಹೆಸರು ತಪ್ಪುತ್ತಿರಲಿಲ್ಲ. ಅಂದರೆ ಆ ಪದ ಅಳೆದದ್ದು ಬುದ್ಧಿಯನ್ನಲ್ಲ. ಇತ್ತ 9ನೆಯ ಶತಮಾನದ 'ಕವಿರಾಜಮಾರ್ಗ'ವು, ಉದ್ದೇಶವಿಟ್ಟು ಓದದೆಯೂ ಕಾವ್ಯದಲ್ಲಿ ಪರಿಣತರಾದವರು ಈ ನಾಡಿನ ಜನ ಎಂದು ಹೊಗಳಿದೆ. ಅಜ್ಜಿಗೆ ಅಕ್ಷರ ಬಾರದು ಎನ್ನಬಹುದು, ಏನೂ ಬಾರದು ಎನ್ನುವಂತಿಲ್ಲ. ಹುಡುಗಿ ಕುಳಿತುಕೊಂಡಳು.

ಮನೆಗೆಲಸ: ಮನೆಯ ಹಿರಿಯರಿಂದ ಒಂದು ಹಾಡು ಕೇಳಿ ಬರೆದು ತರುವುದು.

ಆ ಮಿಂಚುಪಟ್ಟಿಯನ್ನು ಮತ್ತೆ ಬಳಸಲಿಲ್ಲ. ಪದಕ್ಕೆ ನಾವು ಕೊಡುವ ಉದಾಹರಣೆಯೂ ಪಾಠವೇ. ಅದು ಎದುರು ಕುಳಿತ ಯಾವ ಮಗುವಿನ ಮನೆಯ ಮಾತು ಎಂದು ಪಾಠಯೋಜನೆ ಬರೆಯುವಾಗಲೇ ಯೋಚಿಸಬೇಕು.