ಸಾಲಕ್ಕೆ ಮೊದಲು ಕಾಗದಪತ್ರ



ಶ್ರೀಮಠದ ಕಾರ್ಯಾಲಯಕ್ಕೆ ಸದ್ಭಕ್ತರು ಮದುವೆಯ ತಾರೀಖು, ಲಿಂಗಧಾರಣೆ, ಗುರುಪ್ರವೇಶ ಮುಂತಾದ ಕಾರ್ಯಗಳಿಗಾಗಿ ಬರುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಇನ್ನೊಂದು ಮಾತು ಹೆಚ್ಚಾಗಿದೆ. ಪೂಜೆ ಮುಗಿದು ಜನ ಚದುರಿದ ಮೇಲೆ ಒಬ್ಬಿಬ್ಬರು ಕಂಬದ ಮರೆಯಲ್ಲಿ ನಿಂತಿರುತ್ತಾರೆ. ಏನೆಂದು ಕೇಳಿದರೆ ಸಾಲದ ಮಾತು. ಆದಕಾರಣ ಈ ಸಂಚಿಕೆಯ ಪಾಠದಲ್ಲಿ ಬಡ ಕುಟುಂಬಗಳಿಗೂ ಸಣ್ಣ ವ್ಯಾಪಾರಸ್ಥರಿಗೂ ಸಾಲ ಸಿಗಲೆಂದು ಸರಕಾರಗಳು ಮಾಡಿರುವ ಏರ್ಪಾಡುಗಳನ್ನು, ಅವು ನಮ್ಮ ಮಂದಿಗೆ ಎಲ್ಲಿ ತಪ್ಪಿಹೋಗುತ್ತವೆ ಎಂಬುದನ್ನು ಬರೆಯಲು ಮನಸ್ಸು ಮಾಡಿದ್ದೇವೆ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಮಿರಜದಲ್ಲಿ ಕೈಗಾಡಿಯ ಮೇಲೆ ಕಾಯಿಪಲ್ಲೆ ಮಾರುವ ಒಬ್ಬ ಭಕ್ತರು ಕೆಲವು ವರ್ಷಗಳ ಹಿಂದೆ ಬಂದು, ಖಾಸಗಿಯಾಗಿ ಬಡ್ಡಿಗೆ ಹಣ ಕೊಡುವವರೊಬ್ಬರು ಮಠದ ಚೀಟಿ ಕೇಳುತ್ತಿದ್ದಾರೆ ಎಂದರು. ಮನುಷ್ಯ ಪ್ರಾಮಾಣಿಕ, ಮಠಕ್ಕೆ ನಡೆದುಕೊಳ್ಳುವವರು. ಉಪಕಾರವಾಯಿತೆಂದು ತಿಳಿದು ಮಠದ ಕಾಗದದ ಮೇಲೆ 'ಇವರು ನಂಬಿಗಸ್ಥರು' ಎಂದು ಬರೆದುಕೊಟ್ಟೆವು. ಬಡ್ಡಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂಬುದನ್ನು ಕೇಳಲಿಲ್ಲ. ಎಂದರೆ ವರ್ಷಕ್ಕೆ ಶೇ. 60. ಅದನ್ನು ತೀರಿಸಲು ಅವರ ಮನೆಯವರು ವಾರದ ಕಂತಿನ ಮೂರು ಕಂಪನಿಗಳಲ್ಲಿ ಸಾಲ ಎತ್ತಿದರು. ಆ ಮೂರರ ಕಂತು ತುಂಬಲು ನಾಲ್ಕನೆಯದು. ಕಡೆಗೆ ಗಾಡಿಯೇ ಮಾರಿಹೋಯಿತು. ಬ್ಯಾಂಕಿಗೆ ಏಕೆ ಹೋಗಲಿಲ್ಲವೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟೆ: "ಅಣ್ಣಾರ, ಕಾಗದ ಮಾಡಿಸಾಕ ಹೋದ್ರ ನಾಲ್ಕ ದಿನ ಗಾಡಿ ನಿಲ್ಲತೈತ್ರಿ. ಇಲ್ಲಿ ಹತ್ತ ಮಿನಿಟಿನಾಗ ರೊಕ್ಕ ಕೊಟ್ರು."

ಬೀದಿಬದಿಯ ವ್ಯಾಪಾರಸ್ಥರಿಗಾಗಿ ಕೇಂದ್ರ ಸರಕಾರ 2020ರ ಜೂನದಲ್ಲಿ ಪಿ.ಎಂ. ಸ್ವನಿಧಿ ಎಂಬ ಯೋಜನೆ ತಂದಿತ್ತು. ಒತ್ತೆ ಇಲ್ಲದೆ ಮೊದಲು 10,000 ರೂಪಾಯಿ, ಅದನ್ನು ತೀರಿಸಿದರೆ 20,000, ಅದನ್ನೂ ತೀರಿಸಿದರೆ 50,000. 2025ರಲ್ಲಿ ಮೊದಲಿನ ಎರಡು ಮೊತ್ತಗಳನ್ನು 15,000 ಮತ್ತು 25,000ಕ್ಕೆ ಏರಿಸಿ, ಯೋಜನೆಯನ್ನು 2030ರ ಮಾರ್ಚವರೆಗೆ ಮುಂದುವರಿಸಿದ್ದಾರೆ. ವೇಳೆಗೆ ಸರಿಯಾಗಿ ಕಂತು ತುಂಬಿದವರಿಗೆ ಬಡ್ಡಿಯಲ್ಲಿ ಶೇ. 7ರಷ್ಟು ತಿರುಗಿ ಜಮೆಯಾಗುತ್ತದೆ. ಅದಕ್ಕೆ ಬೇಕಾದದ್ದು ಮಹಾನಗರಪಾಲಿಕೆಯ ವ್ಯಾಪಾರದ ಪ್ರಮಾಣಪತ್ರ, ಇಲ್ಲವಾದರೆ ಪಾಲಿಕೆಯ ಶಿಫಾರಸು ಪತ್ರ. ನಾವು ಆ ದಿನ ಚೀಟಿ ಬರೆಯುವ ಬದಲು ಅವರನ್ನು ಕರೆದುಕೊಂಡು ಪಾಲಿಕೆಯ ಕಚೇರಿಗೆ ಹೋಗಬೇಕಾಗಿತ್ತು. ಬಿ.ಕಾಂ. ಓದಿದವರಿಗೆ ಇದು ಹೊಳೆಯಲಿಲ್ಲವೆಂಬುದು ನಾಚಿಕೆಯ ಸಂಗತಿ.

ಹಿಂದಿನ ಕಾಲದಲ್ಲಿ ಸಾಲ ಸಿಗುತ್ತಿದ್ದದ್ದು ಮುಖ ನೋಡಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದಿತು. ಮರುವರ್ಷ, 1905ರಲ್ಲಿ, ಆಗಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ನಾಡಿನ ಸಹಕಾರಿ ಚಳುವಳಿಗೆ ಅದೇ ಮೊದಲ ಮೆಟ್ಟಿಲೆಂದು ಇಂದಿಗೂ ಹೇಳುತ್ತಾರೆ. ಆ ಕಾಯದೆಯ ಪ್ರಕಾರ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬನು ಮುಳುಗಿಸಿದರೆ ಎಲ್ಲರೂ ತುಂಬಿಕೊಡಬೇಕು. ಜರ್ಮನಿಯಲ್ಲಿ ರೈಫೈಸನ್ನರು ಹಳ್ಳಿಗರಿಗಾಗಿ ಕಟ್ಟಿದ ಸಂಘಗಳ ಪದ್ಧತಿ ಅದು. ಒಬ್ಬರ ಮನೆಯ ಒಲೆ ಹೊತ್ತಿದೆಯೋ ಇಲ್ಲವೋ ಇನ್ನೊಬ್ಬರಿಗೆ ತಿಳಿಯುತ್ತಿದ್ದ ಊರಲ್ಲಿ ಅದು ನಡೆಯಿತು. ಹಾಗಿದ್ದರೂ ಸಾವಕಾರರ ಕೈ ಸಡಿಲಲಿಲ್ಲ. 1951-52ರಲ್ಲಿ ರಿಜರ್ವ್ ಬ್ಯಾಂಕು ಮಾಡಿಸಿದ ಗ್ರಾಮೀಣ ಸಾಲದ ಪಾಹಣಿಯಲ್ಲಿ ಸಹಕಾರಿ ಸಂಘಗಳ ಪಾಲು ಶೇ. 3.1 ಮಾತ್ರ, ಸಾವಕಾರರ ಪಾಲು ಶೇ. 70ರ ಸುಮಾರು. 1969 ಮತ್ತು 1980ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ, 1982ರಲ್ಲಿ ನಬಾರ್ಡ್, 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್, 2014ರಲ್ಲಿ ಜನಧನ ಖಾತೆ, 2015ರಲ್ಲಿ ಮುದ್ರಾ ಸಾಲ, ಹೀಗೆ ಒಂದರ ಮೇಲೊಂದು ಬಂದವು.

ನಮ್ಮ ಊರಿನದೇ ಸಾಂಗಲಿ ಬ್ಯಾಂಕು 1916ರಲ್ಲಿ ಹುಟ್ಟಿ, 2007ರ ಏಪ್ರಿಲದಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ವಿಲೀನವಾಯಿತು. ಅಜ್ಜನ ಕಾಲದಿಂದ ಗುರುತಿದ್ದ ಮ್ಯಾನೇಜರ ಈಗ ಯಾವ ಬ್ಯಾಂಕಿನಲ್ಲೂ ಕುಳಿತಿಲ್ಲ. ಮುಖದ ಜಾಗದಲ್ಲಿ ಕಾಗದ ಬಂದಿದೆ. ಇದರಿಂದ ಕೆಟ್ಟದ್ದೇ ಆಯಿತೆಂದು ನಾವು ಹೇಳುವುದಿಲ್ಲ. ಮುಖ ನೋಡಿ ಕೊಡುವಾಗ ಗೌಡರಿಗೆ ಸಿಕ್ಕದ್ದು ಕೂಲಿಯವನಿಗೆ ಸಿಗುತ್ತಿರಲಿಲ್ಲ.

ಇನ್ನು ರೈತರ ಮಾತಿಗೆ ಬರೋಣ. ಶಿವರಾತ್ರಿಯಿಂದ ಬಸವ ಜಯಂತಿಯವರೆಗೆ ಸಾಂಗಲಿ ಪೇಟೆಗೆ ಅರಿಷಿಣ ಹರಿದು ಬರುತ್ತದೆ. ಬೇಸಿಗೆಯಲ್ಲಿ ಬೇದಾಣೆಯೂ ಬರುತ್ತದೆ. ಎಲ್ಲರ ಮಾಲು ಒಮ್ಮೆಲೇ ಬಂದಾಗ ದರ ಬೀಳುವುದು ಸಹಜ. ತಡೆದು ಇಡೋಣವೆಂದರೆ ಅಡತದ ಅಂಗಡಿಯ ಉಚಲು ತೀರಿಸಬೇಕು, ಮಗಳ ಮದುವೆ ಇರುತ್ತದೆ, ಮುಂದಿನ ಹಂಗಾಮಿನ ಗೊಬ್ಬರ ಬೇಕು. ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಲ್ಲಿ ಅರಿಷಿಣ ಇಡುತ್ತಿದ್ದ ಪದ್ಧತಿ ಹಿರಿಯರಿಗೆ ನೆನಪಿರಬಹುದು. ಕೃಷ್ಣೆ-ವಾರಣೆಯರ ಸಂಗಮದ ಆ ಮಣ್ಣಿನಲ್ಲಿ ಮಾಲು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. 2005ರ ಮಹಾಪೂರದಲ್ಲಿ ಅವುಗಳಿಗೆ ದೊಡ್ಡ ಪೆಟ್ಟು ಬಿತ್ತು. ಆದರೆ ಹಗೇವಿನಲ್ಲಿ ಮಾಲು ಇಟ್ಟು ಕಾಯುವ ಶಕ್ತಿ ಇದ್ದದ್ದು ಕೈಯಲ್ಲಿ ರೊಕ್ಕ ಇದ್ದವರಿಗೆ ಮಾತ್ರ.

ಈ ಕಾಯುವ ಶಕ್ತಿಯನ್ನು ಸಣ್ಣ ರೈತರಿಗೂ ಕೊಡಲೆಂದು ಮಹಾರಾಷ್ಟ್ರ ಕೃಷಿ ಪಣನ ಮಂಡಳವು 1990-91ರಿಂದ ಬಜಾರ ಸಮಿತಿಗಳ ಮೂಲಕ ಶೇತಮಾಲ ತಾರಣ ಯೋಜನೆಯನ್ನು ನಡೆಸುತ್ತಿದೆ. ರೈತರು ತಮ್ಮ ಮಾಲನ್ನು ಗೋದಾಮಿನಲ್ಲಿ ಇಟ್ಟು ಪಾವತಿ ಪಡೆದು ಅದರ ಮೇಲೆ ಸಾಲ ತೆಗೆದುಕೊಳ್ಳುವುದು. ಅರಿಷಿಣಕ್ಕೆ ಅಂದಿನ ಬೆಲೆಯ ಶೇ. 75ರವರೆಗೆ, ವರ್ಷಕ್ಕೆ ಶೇ. 6ರ ಬಡ್ಡಿಯಲ್ಲಿ, 180 ದಿನ. ಬೇದಾಣೆಗೂ ಇದೆ, ಆದರೆ ಅದಕ್ಕೆ ಕ್ವಿಂಟಲ್ಲಿಗೆ ಇಷ್ಟೇ ಎಂಬ ಮೇಲ್ಮಿತಿ ಉಂಟು.

ಲೆಕ್ಕ ಹಾಕೋಣ. 10 ಕ್ವಿಂಟಲ್ ಅರಿಷಿಣ, ಕ್ವಿಂಟಲ್ಲಿಗೆ 10,000 ರೂಪಾಯಿ ಎಂದು ಹಿಡಿದರೆ ಮಾಲಿನ ಬೆಲೆ ಒಂದು ಲಕ್ಷ. ಅದರ ಮೇಲೆ 75,000 ಸಾಲ ಸಿಕ್ಕರೆ 180 ದಿನದ ಬಡ್ಡಿ ಸುಮಾರು 2,220 ರೂಪಾಯಿ. ಅದೇ 75,000ವನ್ನು ಮೂರು ರೂಪಾಯಿ ಬಡ್ಡಿಯಲ್ಲಿ ಹೊರಗೆ ತಂದರೆ ಆರು ತಿಂಗಳಿಗೆ 13,500. ನಡುವಿನ 11,000 ಚಿಲ್ಲರೆ ರೂಪಾಯಿ ಒಂದು ಬಡಕುಟುಂಬಕ್ಕೆ ಎಷ್ಟು ದೊಡ್ಡದೆಂದು ನಾವು ಹೇಳಬೇಕಾಗಿಲ್ಲ. ಇದರಲ್ಲಿ ತೊಡಕುಗಳೂ ಇವೆ. ದರ ಏರುತ್ತದೆಂಬ ಖಾತ್ರಿ ಯಾರೂ ಕೊಡಲಾರರು. ಗಡುವು ಮೀರಿದರೆ ಬಡ್ಡಿ ಏರುತ್ತದೆ. ಮಾಲು ರೈತರದೇ ಇರಬೇಕು, ವ್ಯಾಪಾರಸ್ಥರ ಮಾಲನ್ನು ಸ್ವೀಕರಿಸುವುದಿಲ್ಲ. ಅದಕ್ಕೆ ಸಾಕ್ಷಿ ಸಾತಬಾರಾ ಉತಾರೆಯಲ್ಲಿನ ಬೆಳೆಯ ನೋಂದಣಿ. ಹೊಲದಲ್ಲಿ ಅರಿಷಿಣ ಬೆಳೆದು ಉತಾರೆಯಲ್ಲಿ ಕಬ್ಬು ಎಂದಿದ್ದರೆ ಗೋದಾಮಿನವರೊಡನೆ ಜಗಳಾಡಿ ಫಲವಿಲ್ಲ. ಬೆಳೆ ನಿಂತಿರುವಾಗಲೇ ತಲಾಠಿಯವರ ಹತ್ತಿರ ನೋಡಿಕೊಳ್ಳಬೇಕು.

ಅಡತದವರನ್ನು ದೂರುವ ಮಾತಲ್ಲ ಇದು. ನಮ್ಮ ಭಕ್ತರಲ್ಲಿಯೇ ಅನೇಕರು ಅಡತದವರು. ರಾತ್ರಿ ಹನ್ನೊಂದಕ್ಕೆ ದವಾಖಾನೆಗೆ ಹಣ ಬೇಕಾದರೆ ಬಾಗಿಲು ತೆರೆಯುವವರು ಅವರೇ ಹೊರತು ಬ್ಯಾಂಕಿನವರಲ್ಲ.

ಬೆಳೆಸಾಲದ ವಿಷಯದಲ್ಲಿ ಗಡಿಯ ಆಚೆ ಈಚೆ ನಿಯಮ ಬೇರೆ ಬೇರೆ. ಮಹಾರಾಷ್ಟ್ರದಲ್ಲಿ ಮೂರು ಲಕ್ಷದವರೆಗಿನ ಬೆಳೆಸಾಲವನ್ನು ಗಡುವಿನೊಳಗೆ ತುಂಬಿದವರಿಗೆ ಬಡ್ಡಿ ಶೂನ್ಯವಾಗುವಂತೆ 2021ರಲ್ಲಿ ಏರ್ಪಾಡಾಯಿತು. ಕರ್ನಾಟಕದಲ್ಲಿ ಸಹಕಾರಿ ಸಂಘದ ಶೂನ್ಯ ಬಡ್ಡಿಯ ಸಾಲದ ಮಿತಿಯನ್ನು 2023ರಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಮನೆ ಮಿರಜದಲ್ಲಿ, ಹೊಲ ಕಾಗವಾಡದಲ್ಲಿ ಇರುವ ಭಕ್ತರು ನಮ್ಮಲ್ಲಿ ಬಹಳ. ಹೊಲ ಇರುವ ಊರಿನ ಸೊಸೈಟಿಯಲ್ಲಿ ಸದಸ್ಯತ್ವ ಕೇಳಬೇಕೇ ಹೊರತು ಮನೆ ಇರುವಲ್ಲಿ ಅಲ್ಲ. ಇಲ್ಲಿ ಅಡ್ಡ ಬರುವುದು ಹೆಸರು. ಪಹಣಿಯಲ್ಲಿ ಕನ್ನಡದಲ್ಲಿ 'ಬಾಳಪ್ಪ' ಎಂದಿರುವವರು ಇಲ್ಲಿನ ಶಾಲೆಯ ದಾಖಲೆಯಲ್ಲಿ 'ಬಾಳಾಸಾಹೇಬ' ಆಗಿರುತ್ತಾರೆ, ಆಧಾರದಲ್ಲಿ ಮತ್ತೊಂದು. ಮೂರೂ ಒಬ್ಬರೇ ಎಂಬುದು ಊರಿಗೆಲ್ಲ ಗೊತ್ತು, ಬ್ಯಾಂಕಿನ ಯಂತ್ರಕ್ಕೆ ಗೊತ್ತಿಲ್ಲ. ಹೆಸರು ತಿದ್ದಿಸಲು ತಿಂಗಳುಗಳು ಹಿಡಿಯುವುದರಿಂದ ಸಾಲದ ಅವಶ್ಯಕತೆ ಬರುವ ಮೊದಲೇ ಆ ಕೆಲಸ ಮುಗಿಸಿಕೊಳ್ಳತಕ್ಕದ್ದು.

ತಾಯಂದಿರು 'ಸಂಘದ ಸಾಲ' ಎಂಬ ಒಂದೇ ಹೆಸರಿನಿಂದ ಎರಡು ಬೇರೆ ವಸ್ತುಗಳನ್ನು ಕರೆಯುತ್ತಾರೆ. ಬಚತ ಗಟದಲ್ಲಿ ಮೊದಲು ತಾವೇ ಉಳಿತಾಯ ಮಾಡುತ್ತಾರೆ, ಆ ಹಣ ಗಟದ್ದು, ಯಾರಿಗೆ ಕೊಡಬೇಕೆಂಬುದನ್ನು ತಾವೇ ಠರಾಯಿಸುತ್ತಾರೆ, ಆ ಶಿಸ್ತನ್ನು ನೋಡಿ ಬ್ಯಾಂಕು ಸಾಲ ಕೊಡುತ್ತದೆ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು 1980ರ ದಶಕದಲ್ಲಿ ಇದನ್ನು ನಡೆಸಿ ತೋರಿಸಿದ್ದರು. 1992ರಲ್ಲಿ ನಬಾರ್ಡ್ ಇದನ್ನು ಬ್ಯಾಂಕುಗಳಿಗೆ ಜೋಡಿಸಿತು. ಕಂಪನಿಯ ಗುಂಪಿನಲ್ಲಿ ಅಂಥದ್ದಿಲ್ಲ. ಅಲ್ಲಿ ಹಣ ಕಂಪನಿಯದು, ಹೆಂಗಸರು ಒಬ್ಬರಿಗೊಬ್ಬರು ಜಾಮೀನು ಮಾತ್ರ. ಬಡ್ಡಿಯನ್ನು ಹೇಳುವ ರೀತಿಯನ್ನೂ ಗಮನಿಸಬೇಕು. 30,000 ಸಾಲಕ್ಕೆ 'ಶೇ. 12' ಎಂದು 3,600 ಕೂಡಿಸಿ ತಿಂಗಳಿಗೆ 2,800ರಂತೆ ಹನ್ನೆರಡು ಕಂತು ಮಾಡಿದರೆ, ಅಸಲು ಪ್ರತಿ ತಿಂಗಳು ಇಳಿಯುತ್ತ ಬರುವುದರಿಂದ ನಿಜವಾದ ಬಡ್ಡಿ ಶೇ. 21 ದಾಟುತ್ತದೆ. ರಿಜರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯದ ಕುಟುಂಬದ ಎಲ್ಲ ಸಾಲಗಳ ಕಂತು ಕೂಡಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ವರ್ಷದ ನಿಜವಾದ ಬಡ್ಡಿದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಆದರೆ ಸಾಲ ಸಿಗಲೆಂದು ನಾವೇ ಆದಾಯವನ್ನು ಹೆಚ್ಚು ಬರೆಸಿದರೆ ಆ ನಿಯಮ ನಮ್ಮನ್ನು ಹೇಗೆ ಕಾಪಾಡೀತು? ಆಯ್ದಕ್ಕಿ ಲಕ್ಕಮ್ಮ ತಾಯಿ ಪತಿಯು ತಂದ ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿದು ಬರಲು ಕಳಿಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಸಾಲದ ಫಾರ್ಮಿನ ಮುಂದೆ ಕುಳಿತಾಗ ಅದು ನೆನಪಾಗುವುದು ಕಡಿಮೆ.

ಜಾಮೀನಿನ ಬಗ್ಗೆ ಒಂದು ಮಾತು. ಭಿಡೆಗೆ ಬಿದ್ದು ಸಹಿ ಹಾಕುವುದು ನಮ್ಮ ಮಂದಿಯ ದೊಡ್ಡ ದೌರ್ಬಲ್ಯ. ಬೀಗರು ಕೇಳಿದರು, ಇಲ್ಲವೆನ್ನಲಾಗಲಿಲ್ಲ ಎನ್ನುತ್ತಾರೆ. ಈಗ ಆ ಸಹಿ ಸಾಲದ ದಾಖಲೆ ಇಡುವ ಕಂಪನಿಗಳ ಕಡತದಲ್ಲಿ ತಮ್ಮ ಹೆಸರಿನ ಮುಂದೆ ಕೂಡುತ್ತದೆ. ಬೀಗರು ಕಂತು ತಪ್ಪಿಸಿದರೆ ನಾಳೆ ತಮ್ಮ ಮಗನ ಅಂಗಡಿಗೆ ಮುದ್ರಾ ಸಾಲ ಕೇಳಿದಾಗ ಅದು ಎದ್ದು ಬರಬಹುದು. ಆ ದಾಖಲೆಯನ್ನು ಪ್ರತಿ ಕಂಪನಿಯಿಂದ ವರ್ಷಕ್ಕೊಮ್ಮೆ ಪುಕ್ಕಟೆ ಪಡೆಯುವ ಹಕ್ಕು ಎಲ್ಲರಿಗೂ ಇದೆ.

ಠೇವು ಇಡುವವರಿಗೂ ಎಚ್ಚರ ಬೇಕು. ಬ್ಯಾಂಕಿನಲ್ಲಿಟ್ಟ ಹಣಕ್ಕೆ 2020ರ ಫೆಬ್ರುವರಿಯಿಂದ ಐದು ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಅದು ಅನ್ವಯಿಸುತ್ತದೆ. ಪತಸಂಸ್ಥೆಗೆ ಅನ್ವಯಿಸುವುದಿಲ್ಲ. ಎರಡರ ಬೋರ್ಡೂ ಒಂದೇ ಬೀದಿಯಲ್ಲಿ ಒಂದೇ ಬಣ್ಣದಲ್ಲಿ ಇರುತ್ತದೆ. ಒಂದೂವರೆ ಟಕ್ಕೆ ಹೆಚ್ಚಿನ ಬಡ್ಡಿ ಕೊಡುತ್ತಾರೆಂದು ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಟ್ಟು ಕುಳಿತವರನ್ನು ನಾವು ಕಂಡಿದ್ದೇವೆ.

ಕಾಯಿಪಲ್ಲೆಯ ಆ ಭಕ್ತರು ಈಗ ಇನ್ನೊಬ್ಬರ ಅಂಗಡಿಯಲ್ಲಿ ದುಡಿಯುತ್ತಿದ್ದಾರೆ. ಕಂತುಗಳಲ್ಲಿ ಎರಡು ತೀರಿವೆ. ಪಾಲಿಕೆಯ ಶಿಫಾರಸು ಪತ್ರಕ್ಕೆ ಅರ್ಜಿ ಕೊಡಿಸಿದ್ದೇವೆ, ಈ ಸಲ ಜೊತೆಯಲ್ಲಿ ಹೋಗಿಯೇ.

ಇನ್ನು ಮುಂದೆ ಪ್ರತಿ ಅಮಾವಾಸ್ಯೆಯ ದಿನ ಪ್ರಸಾದದ ನಂತರ ಕಾರ್ಯಾಲಯದಲ್ಲಿ ಕುಳಿತು ಭಕ್ತರ ಕಾಗದಪತ್ರಗಳನ್ನು ಓದಿ ಹೇಳುತ್ತೇವೆ. ಮರಾಠಿಯ ಕಾಗದ ತಿಳಿಯದವರಿಗೆ ಕನ್ನಡದಲ್ಲಿ ವಿವರಿಸುತ್ತೇವೆ. ಬರುವಾಗ ಸಾತಬಾರಾ ಅಥವಾ ಪಹಣಿ, ಆಧಾರ, ಬ್ಯಾಂಕಿನ ಪಾಸಬುಕ್ಕು, ಈಗಿರುವ ಸಾಲಗಳ ಕಂತಿನ ಕಾರ್ಡು ಇಷ್ಟನ್ನು ತರಬೇಕು. ಮನೆಯವರನ್ನೂ ಕರೆದುಕೊಂಡು ಬಂದರೆ ಒಳ್ಳೆಯದು, ಏಕೆಂದರೆ ಎಷ್ಟೋ ಮನೆಗಳಲ್ಲಿ ಪತಿಗೆ ತಿಳಿಯದ ಸಾಲ ಪತ್ನಿಯ ಹೆಸರಿನಲ್ಲೂ, ಪತ್ನಿಗೆ ತಿಳಿಯದ ಜಾಮೀನು ಪತಿಯ ಹೆಸರಿನಲ್ಲೂ ಇರುತ್ತದೆ. ಮಠದಿಂದ ಯಾವ ಸಾಲಕ್ಕೂ ಚೀಟಿ ಬರೆದುಕೊಡುವುದಿಲ್ಲ.



— ಕಾರ್ಯದರ್ಶಿ, ಶ್ರೀಮಠ