ಮನೆಯ ಗೇಮ್ ಕನ್ಸೋಲ್‌ಗೆ ಎಷ್ಟು ಇಂಟರ್ನೆಟ್ ಬೇಕು?



ಸೌದಿಯಲ್ಲೋ ದುಬೈಯಲ್ಲೋ ದುಡಿಯುವ ಚಾಚಾ ರಜೆಗೆ ಬರುವ ಮುಂಚೆ ಫೋನ್ ಮಾಡಿ "ಏನು ತರಲಿ?" ಎಂದು ಕೇಳುತ್ತಾರೆ. ಮೊದಲು ಈ ಪ್ರಶ್ನೆಗೆ ವಾಚು, ಮೊಬೈಲು ಎಂಬ ಉತ್ತರ ಬರುತ್ತಿತ್ತು. ಈಗ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಂಬ ಹೆಸರುಗಳೂ ಕೇಳಿಬರುತ್ತವೆ. ಇವು ಹತ್ತಾರು ಸಾವಿರ ರೂಪಾಯಿಯ ಯಂತ್ರಗಳು. ತಂದು ಟಿ.ವಿ.ಗೆ ಜೋಡಿಸಿದ ಮೇಲೆ "ನೆಟ್ ಸಾಲುವುದಿಲ್ಲ" ಎಂದು ಗೊತ್ತಾದರೆ ಪ್ರಯೋಜನವಿಲ್ಲ. ಅದಕ್ಕೇ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ನಮ್ಮ ಪಿ.ಯು. ತರಗತಿಯ ಗಣಿತ, ಭೌತಶಾಸ್ತ್ರ ಇದಕ್ಕೆ ಧಾರಾಳವಾಗಿ ಸಾಕು.

1. ನೆಟ್ ಎಲ್ಲಿ ಬೇಕು, ಎಲ್ಲಿ ಬೇಡ?

ಕನ್ಸೋಲ್‌ಗೆ ಇಂಟರ್ನೆಟ್ ಬೇಕಾಗುವ ಸಂದರ್ಭಗಳು ನಾಲ್ಕು.

ಮೊದಲನೆಯದು, ಯಂತ್ರವನ್ನು ಹೊಸದಾಗಿ ಸಿದ್ಧಪಡಿಸುವಾಗ. 2020ರ ನವೆಂಬರ್‌ನಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್ ಮಾದರಿಗಳನ್ನು ಮೊದಲ ಸಲ ಚಾಲೂ ಮಾಡಲು ನೆಟ್ ಕಡ್ಡಾಯ. ಭಾರತಕ್ಕೆ 2021ರ ಫೆಬ್ರವರಿ 2ರಂದು ಬಂದ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿಯನ್ನು ನೆಟ್ ಇಲ್ಲದೆಯೂ ಚಾಲೂ ಮಾಡಬಹುದು. ಆದರೆ 2023ರ ಕೊನೆಗೆ ಬಂದ ತೆಳು ಮಾದರಿಗೆ ಡಿಸ್ಕ್ ಡ್ರೈವನ್ನು ಬೇರೆಯಾಗಿ ಜೋಡಿಸುವುದಾದರೆ, ಅದನ್ನು ನೋಂದಾಯಿಸಲು ಒಮ್ಮೆ ನೆಟ್ ಬೇಕು.

ಎರಡನೆಯದು, ಆಟವನ್ನೂ ಅದರ ತಿದ್ದುಪಡಿಗಳನ್ನೂ ಇಳಿಸಿಕೊಳ್ಳುವಾಗ. ಡಿಸ್ಕ್ ಇದ್ದರೂ ಹಲವು ಆಟಗಳು ದೊಡ್ಡ ಅಪ್‌ಡೇಟ್ ಕೇಳುತ್ತವೆ. ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಮಾದರಿಯಲ್ಲಂತೂ ಪ್ರತಿ ಆಟವೂ ನೆಟ್ ಮೂಲಕವೇ ಬರಬೇಕು.

ಮೂರನೆಯದು, ಬೇರೆ ಊರಿನವರ ಜೊತೆ ಆಡುವಾಗ. ಇದಕ್ಕೆ ನೆಟ್ ಖರ್ಚಿನ ಜೊತೆಗೆ, ಹಣ ಕೊಟ್ಟು ಕೊಂಡ ಹೆಚ್ಚಿನ ಆಟಗಳಲ್ಲಿ ಕಂಪನಿಯ ಚಂದಾವೂ ಬೇಕು. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಆ ಚಂದಾ ಬೇಡ.

ನಾಲ್ಕನೆಯದು, ಕ್ಲೌಡ್ ಗೇಮಿಂಗ್. ಇಲ್ಲಿ ಆಟ ನಡೆಯುವುದು ದೂರದ ಸರ್ವರ್‌ನಲ್ಲಿ. ನಮ್ಮ ಮನೆಗೆ ಬರುವುದು ಬರೀ ವಿಡಿಯೋ.

ಉಳಿದಂತೆ, ಅಣ್ಣ ತಮ್ಮ ಇಬ್ಬರೂ ಒಂದೇ ಟಿ.ವಿ. ಮುಂದೆ ಕುಳಿತು ಡಿಸ್ಕ್ ಹಾಕಿ ಕ್ರಿಕೆಟ್ಟೋ ಫುಟ್‌ಬಾಲೋ ಆಡಲು ಸಾಮಾನ್ಯವಾಗಿ ನೆಟ್ ಬೇಕಿಲ್ಲ.

2. ಬಿಟ್ ಬೇರೆ, ಬೈಟ್ ಬೇರೆ

ಜಾಹೀರಾತಿನಲ್ಲಿ 30 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 30 ಮೆಗಾಬಿಟ್. ಆಟದ ಗಾತ್ರ ಇರುವುದು ಗಿಗಾಬೈಟ್‌ನಲ್ಲಿ. 8 ಬಿಟ್ ಸೇರಿ ಒಂದು ಬೈಟ್. ಆದ್ದರಿಂದ 30 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು 30 ÷ 8 = 3.75 ಮೆಗಾಬೈಟ್ ಮಾತ್ರ.

ಕಾಲ್ ಆಫ್ ಡ್ಯೂಟಿ ಸರಣಿಯ ಇತ್ತೀಚಿನ ಆಟಗಳು 100 ಜಿಬಿ ದಾಟುತ್ತವೆ. 100 ಜಿಬಿ ಎಂದೇ ಹಿಡಿಯೋಣ.

30 ಎಂಬಿಪಿಎಸ್‌ನಲ್ಲಿ: 1,00,000 ÷ 3.75 = ಸುಮಾರು 26,667 ಸೆಕೆಂಡ್, ಅಂದರೆ ಸುಮಾರು 7 ಗಂಟೆ 24 ನಿಮಿಷ. ರಾತ್ರಿ ಹಚ್ಚಿ ಮಲಗಿದರೆ ಬೆಳಗಾಗುವುದರೊಳಗೆ ಮುಗಿಯುತ್ತದೆ.

2 ಎಂಬಿಪಿಎಸ್‌ನಲ್ಲಿ: 1,00,000 ÷ 0.25 = 4,00,000 ಸೆಕೆಂಡ್, ಅಂದರೆ ಸುಮಾರು 111 ಗಂಟೆ. ನಾಲ್ಕೂವರೆ ದಿನಕ್ಕಿಂತ ಹೆಚ್ಚು, ಅದೂ ನಡುವೆ ಕರೆಂಟ್ ಹೋಗದಿದ್ದರೆ. ನಮ್ಮ ದೇಶದಲ್ಲಿ 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ ಇದೇ 2 ಎಂಬಿಪಿಎಸ್. ಅದಕ್ಕೂ ಮೊದಲು 512 ಕೆಬಿಪಿಎಸ್ ಇದ್ದರೆ ಸಾಕಿತ್ತು. ಹಾಗಾಗಿ "ಬ್ರಾಡ್‌ಬ್ಯಾಂಡ್ ಇದೆ" ಎಂಬ ಮಾತು ಸಾಲದು. ವೇಗ ಎಷ್ಟು ಎಂದು ಕೇಳಬೇಕು.

ದಿನಕ್ಕೆ 1.5 ಜಿಬಿ ಸಿಗುವ ಮೊಬೈಲ್ ರೀಚಾರ್ಜಿನ ಹಾಟ್‌ಸ್ಪಾಟ್‌ನಲ್ಲಿ: 100 ÷ 1.5 = ಸುಮಾರು 67 ದಿನ. ಒಂದು ಆಟಕ್ಕೆ ಎರಡು ತಿಂಗಳು ದಾಟುತ್ತದೆ, ಅಷ್ಟು ದಿನವೂ ಆ ಫೋನಿನಲ್ಲಿ ಬೇರೆ ಏನನ್ನೂ ನೋಡುವಂತಿಲ್ಲ.

3. ಟ್ರ್ಯಾಕ್ಟರ್ ಮತ್ತು ಬೈಕ್

ಆನ್‌ಲೈನ್ ಆಟಕ್ಕೆ ಬಹಳ ವೇಗದ ನೆಟ್ ಬೇಕು ಎಂದು ಹಲವರು ತಿಳಿದಿದ್ದಾರೆ. ಎಕ್ಸ್‌ಬಾಕ್ಸ್‌ಗೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಟ್ಟ ಇಷ್ಟೇ: ಇಳಿಕೆ 3 ಎಂಬಿಪಿಎಸ್, ಏರಿಕೆ 0.5 ಎಂಬಿಪಿಎಸ್, ವಿಳಂಬ 150 ಮಿಲಿಸೆಕೆಂಡ್‌ಗಿಂತ ಕಡಿಮೆ. ಮೂರನೆಯ ಅಂಕಿಯೇ ಇಲ್ಲಿ ಮುಖ್ಯ.

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ಟ್ರ್ಯಾಕ್ಟರ್ ಒಂದೇ ಸಲಕ್ಕೆ ನೂರಾರು ಚೀಲ ಸಾಗಿಸುತ್ತದೆ. ಒಂದು ಚೀಟಿ ಕೊಟ್ಟು ಉತ್ತರ ತರಬೇಕಾದರೆ ಮಾತ್ರ ಬೈಕ್ ಸವಾರನೇ ಬೇಗ ಬರುತ್ತಾನೆ. ಆಟವನ್ನು ಇಳಿಸಿಕೊಳ್ಳುವುದು ಟ್ರ್ಯಾಕ್ಟರ್ ಕೆಲಸ. ಅಲ್ಲಿ ಎಂಬಿಪಿಎಸ್ ಬೇಕು. ಬಟನ್ ಒತ್ತಿದ್ದು ಸರ್ವರ್ ಮುಟ್ಟಿ ಉತ್ತರ ಬರುವುದು ಬೈಕ್ ಕೆಲಸ. ಅಲ್ಲಿ ವಿಳಂಬ ಕಡಿಮೆ ಇರಬೇಕು. ಈ ವಿಳಂಬವನ್ನೇ ಆಟಗಾರರು ಪಿಂಗ್ ಎನ್ನುತ್ತಾರೆ.

ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಸರ್ವರ್ ಮುಂಬೈಯಲ್ಲಿದ್ದು, ಕೇಬಲ್ ದಾರಿ 600 ಕಿ.ಮೀ. ಎಂದುಕೊಂಡರೆ, ಹೋಗಿ ಬರಲು 1,200 ಕಿ.ಮೀ. ಅದಕ್ಕೆ 6 ಮಿಲಿಸೆಕೆಂಡ್. ಸಿಂಗಾಪುರ ನಮ್ಮಿಂದ ನೇರ ದಾರಿಯಲ್ಲೇ ಸುಮಾರು 3,500 ಕಿ.ಮೀ.; ಹೋಗಿ ಬರಲು ಕನಿಷ್ಠ 35 ಮಿಲಿಸೆಕೆಂಡ್. ಇನ್ನು 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ನೆಟ್ ಬಂದರೆ, ಸಂಕೇತ ಎರಡು ಸಲ ಏರಿ ಎರಡು ಸಲ ಇಳಿಯಬೇಕು. ಒಟ್ಟು ಸುಮಾರು 1,43,000 ಕಿ.ಮೀ. ಬೆಳಕಿನ ವೇಗದಲ್ಲೇ ಹೋದರೂ 477 ಮಿಲಿಸೆಕೆಂಡ್. ಎಷ್ಟೇ ದುಡ್ಡು ಕೊಟ್ಟರೂ ಆ ಸಂಪರ್ಕದಲ್ಲಿ ಓಟದ ಆಟ, ಗುಂಡಿನ ಆಟ ಸರಿಯಾಗಿ ನಡೆಯಲಾರವು. ಭೌತಶಾಸ್ತ್ರದ ನಿಯಮಕ್ಕೆ ರಿಯಾಯಿತಿ ಇಲ್ಲ.

ಕ್ಲೌಡ್ ಗೇಮಿಂಗ್‌ಗೆ ಎರಡೂ ಬೇಕು: ಕಡಿಮೆ ವಿಳಂಬವೂ, ಕನಿಷ್ಠ 10 ಎಂಬಿಪಿಎಸ್ ವೇಗವೂ. ಗಂಟೆಗೆ 10 × 3,600 ÷ 8 = 4,500 ಮೆಗಾಬೈಟ್, ಅಂದರೆ 4.5 ಜಿಬಿ. ದಿನದ 1.5 ಜಿಬಿ ಇಪ್ಪತ್ತೇ ನಿಮಿಷಕ್ಕೆ ಖಾಲಿ.

4. ಮನೆಯೊಳಗಿನ ಅಡ್ಡಿಗಳು

ಭಾರತ್‌ನೆಟ್ ಯೋಜನೆ ಗ್ರಾಮ ಪಂಚಾಯಿತಿಗಳ ತನಕ ಫೈಬರ್ ಎಳೆಯುವ ಕೆಲಸ. 2011ರ ಅಕ್ಟೋಬರ್‌ನಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಪಡೆದ ಇದು ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳನ್ನು ಗುರಿಯಾಗಿಟ್ಟುಕೊಂಡಿತು. ಆದರೆ ಪಂಚಾಯಿತಿ ಕಟ್ಟಡಕ್ಕೆ ಬಂದ ಫೈಬರ್ ನಮ್ಮ ಓಣಿಗೂ ಬಂದಿದೆ ಎಂದೇನಿಲ್ಲ. ಅದನ್ನು ವಿಚಾರಿಸಿಯೇ ತಿಳಿಯಬೇಕು.

ಮನೆಗೆ ಬಂದ ಮೇಲೂ ತೊಂದರೆ ಇರುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ವೈಫೈಯನ್ನು ಮಾತ್ರ ತಡೆಯುತ್ತದೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟಿದರೆ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. ರೌಟರ್‌ನಿಂದ ಕನ್ಸೋಲ್‌ಗೆ ಒಂದು ಲ್ಯಾನ್ ಕೇಬಲ್ ಎಳೆದರೆ ಈ ಗೋಳು ಮುಗಿಯಿತು.

ಇನ್ನೊಂದು ಅಡ್ಡಿ ಕಣ್ಣಿಗೆ ಕಾಣದ್ದು. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು 2ರ 32ನೇ ಘಾತದಷ್ಟು, ಅಂದರೆ ಸುಮಾರು 429 ಕೋಟಿ ಮಾತ್ರ. ಅವು ಸಾಲದ್ದರಿಂದ ಮೊಬೈಲ್ ಕಂಪನಿಗಳು ನೂರಾರು ಗ್ರಾಹಕರಿಗೆ ಒಂದೇ ವಿಳಾಸ ಹಂಚುತ್ತವೆ. ಇಡೀ ಹಾಸ್ಟೆಲ್ಲಿಗೆ ಒಂದೇ ವಿಳಾಸವಿದ್ದು, ಯಾವ ಕೋಣೆಯವರಿಗೆ ಎಂದು ಬರೆಯದ ಪತ್ರ ಬಂದರೆ ವಾರ್ಡನ್ ಅದನ್ನು ವಾಪಸ್ ಕಳಿಸುವಂತೆ, ಗೆಳೆಯನ ಕನ್ಸೋಲ್‌ನಿಂದ ಬಂದ ಕರೆ ನಮ್ಮ ತನಕ ಮುಟ್ಟುವುದೇ ಇಲ್ಲ. ವೇಗ ಚೆನ್ನಾಗಿದ್ದರೂ ಗೆಳೆಯರ ಗುಂಪಿಗೆ ಸೇರಲಾಗದಿದ್ದರೆ ಕನ್ಸೋಲ್‌ನ ನೆಟ್‌ವರ್ಕ್ ಪರೀಕ್ಷೆಯಲ್ಲಿ 'ನ್ಯಾಟ್' ಎಂಬ ಸಾಲನ್ನು ನೋಡಿ.

5. ಕೊಂಡದ್ದು ನಮ್ಮದೇ?

2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಘೋಷಿಸಿದಾಗ ಮೈಕ್ರೋಸಾಫ್ಟ್ ಒಂದು ಷರತ್ತು ಹಾಕಿತು: 24 ಗಂಟೆಗೊಮ್ಮೆಯಾದರೂ ನೆಟ್‌ಗೆ ಸೇರಬೇಕು, ಇಲ್ಲವಾದರೆ ಆಟ ನಡೆಯದು. ಜನರ ವಿರೋಧ ಎಷ್ಟಿತ್ತೆಂದರೆ ಜೂನ್ 19ರಂದು ಕಂಪನಿ ಆ ಷರತ್ತನ್ನು ಕೈಬಿಟ್ಟಿತು. ಕೊಳ್ಳುವವರು ಒಟ್ಟಾಗಿ ಕೇಳಿದರೆ ನಿಯಮ ಬದಲಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಎಲ್ಲ ಸಲವೂ ಹಾಗಾಗುವುದಿಲ್ಲ. 2011ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಹ್ಯಾಕರ್‌ಗಳು ನುಗ್ಗಿದರು, ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೆ ಸಿಲುಕಿತು, ಸೇವೆ ಮೂರು ವಾರಕ್ಕೂ ಹೆಚ್ಚು ಕಾಲ ನಿಂತಿತು. 2014ರಲ್ಲಿ ಯೂಬಿಸಾಫ್ಟ್ ಹೊರತಂದ 'ದಿ ಕ್ರೂ' ಎಂಬ ಕಾರು ಓಟದ ಆಟಕ್ಕೆ ಸದಾ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿತು. ಕೈಯಲ್ಲಿ ಡಿಸ್ಕ್ ಇದ್ದವರಿಗೂ ಆಟ ಇಲ್ಲವಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಡಿಜಿಟಲ್ ಆಟ ಮಾರುವವರು ತಾವು ಕೊಡುತ್ತಿರುವುದು ಬಳಕೆಯ ಅನುಮತಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು.

ಡಿಸ್ಕ್ ಆಡಿ ಮುಗಿದ ಮೇಲೆ ಗೆಳೆಯನಿಗೆ ಕೊಡಬಹುದು, ಅರ್ಧ ಬೆಲೆಗಾದರೂ ಮಾರಬಹುದು. ಡಿಜಿಟಲ್ ಆಟವನ್ನು ಹಾಗೆ ಮಾರಲು ಬರುವುದಿಲ್ಲ.

6. ಚಾಚಾಗೆ ಉತ್ತರ ಹೇಳುವ ಮುನ್ನ

ಮನೆಯಲ್ಲಿ ಫೈಬರ್ ಇಲ್ಲದಿದ್ದರೆ ಡಿಜಿಟಲ್ ಮಾದರಿ ಬೇಡ. ಡಿಸ್ಕ್ ಡ್ರೈವ್ ಇರುವುದನ್ನೇ ಕೇಳಿ. ಆಟದ ಡಬ್ಬಿಯ ಮೇಲೆ "ಇಂಟರ್ನೆಟ್ ಕಡ್ಡಾಯ" ಎಂಬ ಅರ್ಥದ ಸಾಲು ಇದೆಯೇ ಓದಿ. ಹೊರದೇಶದಲ್ಲಿ ಕೊಂಡ ಯಂತ್ರದ ವಾರಂಟಿ ಇಲ್ಲಿ ನಡೆಯುತ್ತದೆಯೇ ವಿಚಾರಿಸಿ. ತಿಂಗಳ ನೆಟ್ ಬಿಲ್ಲನ್ನೂ ಚಂದಾವನ್ನೂ ಹನ್ನೆರಡರಿಂದ ಗುಣಿಸಿ ಯಂತ್ರದ ಬೆಲೆಗೆ ಕೂಡಿಸಿ. ಬಂದ ಮೊತ್ತವನ್ನು ಅಬ್ಬಾ, ಅಮ್ಮಿಯ ಮುಂದೆ ಇಟ್ಟು, ಆಮೇಲೆ ನಿರ್ಧರಿಸಿ.

ಅಭ್ಯಾಸ

1. 40 ಎಂಬಿಪಿಎಸ್ ಸಂಪರ್ಕದಲ್ಲಿ 54 ಜಿಬಿ ಆಟ ಇಳಿಯಲು ಎಷ್ಟು ಗಂಟೆ ಬೇಕು? (ಉತ್ತರ: 3 ಗಂಟೆ)

2. 550 ಕಿ.ಮೀ. ಎತ್ತರದ ಉಪಗ್ರಹದ ಮೂಲಕ ಸಂಕೇತ ಎರಡು ಸಲ ಏರಿ ಎರಡು ಸಲ ಇಳಿಯಲು ಕನಿಷ್ಠ ಎಷ್ಟು ಮಿಲಿಸೆಕೆಂಡ್ ಬೇಕು? (ಉತ್ತರ: ಸುಮಾರು 7.3)

3. ನಿಮ್ಮ ಮನೆಯ ಸಂಪರ್ಕದ ವೇಗ ಮತ್ತು ಪಿಂಗನ್ನು ಬೆಳಿಗ್ಗೆ 6ಕ್ಕೆ, ರಾತ್ರಿ 9ಕ್ಕೆ ಒಂದು ವಾರ ಅಳೆದು ಪಟ್ಟಿ ಮಾಡಿ. ವ್ಯತ್ಯಾಸ ಕಂಡರೆ ಕಾರಣ ಬರೆಯಿರಿ.